ಗಣಿತದ ಪಿರಿಯಡ್‌ನಲ್ಲಿ ಓದು-ಬರಹ ಕಲಿಸುವುದು ಯಾರ ಕೆಲಸ?

ಮಕ್ಕಳಿಗೆ ಮಗ್ಗಿ ಬರುತ್ತದೆ, ಕೂಡುವುದು ಕಳೆಯುವುದು ಸರಾಗ, ಆದರೆ ಹೇಳಿಕೆ ಲೆಕ್ಕ ಕೊಟ್ಟರೆ ಪೆನ್ಸಿಲ್ ಕಚ್ಚಿಕೊಂಡು ಕೂರುತ್ತಾರೆ ಎಂದು ಬರೆದಿದ್ದೀರಿ. ಓದಿಸುವುದು ಭಾಷೆಯ ಟೀಚರ್ ಕೆಲಸ ಅಲ್ವಾ, ಪೋರ್ಷನ್ ಬಿಟ್ಟು ನಾನ್ಯಾಕೆ ಮಾಡಲಿ ಎಂದೂ ಕೇಳಿದ್ದೀರಿ.

ನೀವೇ ಮಾಡಬೇಕು. ಕಥೆ ಓದುವಾಗ ಒಂದೆರಡು ಪದ ಹಾರಿಸಿದರೂ ನಡೆಯುತ್ತದೆ. ಲೆಕ್ಕದಲ್ಲಿ ಒಂದು ‘ಗಿಂತ’ ಹಾರಿಸಿದರೆ ಮುಗಿಯಿತು. ಈ ಥರದ ಓದನ್ನು ಕನ್ನಡದ ಮೇಷ್ಟ್ರು ಕಲಿಸುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ.

ನಾನು ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹೆಚ್ಚಿನವರ ಊರು ಕಲಬುರಗಿ, ವಿಜಯಪುರದ ಕಡೆ. ಮನೆಯಲ್ಲಿ ಒಂದು ಕನ್ನಡ, ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ) ಪುಸ್ತಕದಲ್ಲಿ ಇನ್ನೊಂದು ಕನ್ನಡ, ಗಲ್ಲಿಯಲ್ಲಿ ಹಿಂದಿ-ಮರಾಠಿ. ಇವರಿಗೆ ಬೋರ್ಡ್ ಮೇಲೆ ಹೀಗೆ ಬರೆಯುತ್ತೇನೆ: “ರಾಜುವಿನ ಹತ್ತಿರ 24 ಗೋಲಿಗಳಿವೆ. ಇವು ಸೋಮುವಿನ ಗೋಲಿಗಳಿಗಿಂತ 6 ಹೆಚ್ಚು. ಸೋಮುವಿನ ಹತ್ತಿರ ಎಷ್ಟು?” ಅರ್ಧ ಕ್ಲಾಸು 30 ಎಂದು ಕೂಗುತ್ತದೆ. ‘ಹೆಚ್ಚು’ ಕಂಡಿತು, ಕೂಡಿದರು, ಅಷ್ಟೇ. ಹೆಚ್ಚು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ ಎಂದು ಟ್ಯೂಷನ್‌ಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಅದು ಮಕ್ಕಳನ್ನು ಓದದಂತೆ ಮಾಡುವ ಉಪಾಯ.

ಅದರ ಬದಲು ಪೆನ್ಸಿಲ್ ಕೆಳಗಿಡಿಸಿ. ಒಬ್ಬರು ಗಟ್ಟಿಯಾಗಿ ಓದಲಿ. ಆಮೇಲೆ ಬೋರ್ಡ್ ಒರೆಸಿಬಿಡಿ, ಸಂಖ್ಯೆ ಹೇಳದೆ ವಿಷಯ ಹೇಳಲಿ. “ರಾಜೂನ ಹತ್ರ ಜಾಸ್ತಿ ಅದಾವ್ರಿ, ಸೋಮೂನ ಹತ್ರ ಕಮ್ಮಿ.” ಇಷ್ಟು ಹೇಳಿದ ಹುಡುಗಿ ಆಮೇಲೆ 30 ಎನ್ನುವುದಿಲ್ಲ. ಅವಳ ಮನೆಯ ಮಾತಿನಲ್ಲೇ ಹೇಳಲಿ, ಆಗ ಭಾಷೆ ತಿದ್ದಲು ಹೋಗಬೇಡಿ.

ಆಸ್ಟ್ರೇಲಿಯಾದ ಆನ್ ನ್ಯೂಮನ್ ಎಂಬವರು 1977ರಲ್ಲಿ ಮಕ್ಕಳ ತಪ್ಪುಗಳನ್ನು ಹೀಗೇ ಬಿಡಿಸಿ ನೋಡಿದ್ದರು. ಓದುವುದು, ಅರ್ಥ ಮಾಡಿಕೊಳ್ಳುವುದು, ಯಾವ ಲೆಕ್ಕ ಎಂದು ತೀರ್ಮಾನಿಸುವುದು, ಲೆಕ್ಕ ಮಾಡುವುದು, ಉತ್ತರ ಬರೆಯುವುದು, ಹೀಗೆ ಐದು ಮೆಟ್ಟಿಲು. ತಪ್ಪುಗಳಲ್ಲಿ ದೊಡ್ಡ ಪಾಲು ಮೊದಲ ಮೂರರಲ್ಲೇ ಸಿಗುತ್ತದೆ. ನಾವು ಕೆಂಪು ಪೆನ್ನು ಹಿಡಿದು ನಾಲ್ಕನೆಯದನ್ನಷ್ಟೇ ನೋಡುತ್ತೇವೆ. ಅನುಮಾನ ಬಂದರೆ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದೇ ಕ್ರಮದಲ್ಲಿ ಕೇಳಿ: ಓದು, ಏನು ಕೇಳಿದ್ದಾರೆ, ಹೇಗೆ ಮಾಡ್ತೀಯ, ಮಾಡಿ ತೋರಿಸು, ಉತ್ತರ ಬರಿ. ಎಲ್ಲಿ ನಿಂತುಬಿಡುತ್ತದೆ ಎಂದು ತಕ್ಷಣ ಗೊತ್ತಾಗುತ್ತದೆ.

ಸಂಖ್ಯೆ ಕೇಳಿ ಬರೆಯುವುದರಲ್ಲೂ ಇಲ್ಲಿ ಒಂದು ತೊಡಕಿದೆ. ಮರಾಠಿಯಲ್ಲಿ 27ಕ್ಕೆ ಸತ್ತಾವೀಸ್, ಅಂದರೆ ಏಳು ಮೊದಲು, ಇಪ್ಪತ್ತು ಆಮೇಲೆ. ಪೇಟೆಯಲ್ಲಿ ಅದನ್ನೇ ಕೇಳುವ ಮಕ್ಕಳು ಒಮ್ಮೊಮ್ಮೆ 72 ಬರೆಯುತ್ತಾರೆ. 2019ರಲ್ಲಿ ಬಾಲಭಾರತಿ ಎರಡನೇ ತರಗತಿಯ ಮರಾಠಿ ಮಾಧ್ಯಮದ ಗಣಿತ ಪುಸ್ತಕದಲ್ಲಿ ‘ವೀಸ್ ಸಾತ್’, ಅಂದರೆ ಇಪ್ಪತ್ತು ಏಳು, ಎಂದು ಹಾಕಿದಾಗ ಎಷ್ಟು ಗಲಾಟೆ ಆಯಿತು! ನಮ್ಮ ಇಪ್ಪತ್ತೇಳು ಮೊದಲಿಂದಲೂ ಹಾಗೇ ಇದೆ, ಆ ಅನುಕೂಲ ಬಳಸಿಕೊಳ್ಳಿ.

ಇನ್ನು ಬರಹ. ಮಕ್ಕಳ ನೋಟ್‌ಬುಕ್ ತೆಗೆದರೆ 12 + 8 = 20 × 3 = 60 ಎಂದು ಉದ್ದಕ್ಕೆ ಎಳೆದಿರುತ್ತಾರೆ. ಉತ್ತರ ಸರಿ, ಬರೆದದ್ದು ತಪ್ಪು. ಅದನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ: “ಹನ್ನೆರಡು ಕೂಡು ಎಂಟು, ಅರವತ್ತಕ್ಕೆ ಸಮ.” ತಾವೇ ನಗುತ್ತಾರೆ. ಸಮ ಚಿಹ್ನೆ ಎಂದರೆ ‘ಉತ್ತರ ಬಂತು’ ಎಂದು ಅವರು ತಿಳಿದಿರುತ್ತಾರೆ. ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಇದನ್ನು 1557ರಲ್ಲಿ ಬಳಕೆಗೆ ತಂದದ್ದು, ‘ಇದಕ್ಕೆ ಸಮ’ ಎಂದು ಪದೇಪದೇ ಬರೆದು ಬೇಸರವಾಗಿ. ಎರಡು ಸಮಾನಾಂತರ ಗೆರೆಗಳಿಗಿಂತ ಸಮವಾದದ್ದು ಬೇರೆ ಯಾವುದಿದೆ ಎಂದನಂತೆ. ಈ ಕಥೆ ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಒಂದು ಸಾಲಿಗೆ ಒಂದೇ ಸಮ ಚಿಹ್ನೆ ಎಂಬ ನಿಯಮ ಮಾಡಿ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಮಕ್ಕಳಿಂದಲೇ ಲೆಕ್ಕ ಬರೆಸುವುದು. ಒಬ್ಬ ಹುಡುಗ ಬರೆದ: “ಒಂದು ವಡಾಪಾವ್‌ಗೆ 20 ರೂಪಾಯಿ. ನಾನು 3 ತಗೊಂಡೆ. ಎಷ್ಟು ದುಡ್ಡು ಉಳಿಯಿತು?” ಪಕ್ಕದವನು ಮಾಡಲು ಕೂತ. ಎರಡು ನಿಮಿಷ ಒದ್ದಾಡಿ, “ಲೇ, ನಿನ್ನ ಹತ್ರ ಎಷ್ಟಿತ್ತು ಅಂತ ಹೇಳೇ ಇಲ್ವಲ್ಲ” ಎಂದ. ಬರೆದವನು ಬಾಯಿ ಬಿಟ್ಟ. ಆಮೇಲೆ “100 ರೂಪಾಯಿ ಇತ್ತು” ಎಂದು ಮೊದಲಲ್ಲಿ ಸೇರಿಸಿದ. ಕೊಟ್ಟ ಮಾಹಿತಿ ಯಾವುದು, ಕೇಳಿದ್ದು ಯಾವುದು ಎಂದು ನಾನು ಬೋರ್ಡ್ ಮೇಲೆ ಎಷ್ಟು ಸಲ ಗೆರೆ ಎಳೆದು ತೋರಿಸಿದರೂ ಅಷ್ಟು ನಾಟುತ್ತಿರಲಿಲ್ಲ.

ಪೋರ್ಷನ್ ವಿಷಯ. ಹತ್ತು ಲೆಕ್ಕ ಮಾಡಿಸುವ ಕಡೆ ಎರಡು ಓದಿಸಿ, ಮೂರು ಮಾಡಿಸಿ, ಉಳಿದದ್ದು ಹೋಮ್‌ವರ್ಕ್. ಮೊದಲ ತಿಂಗಳು ಸ್ವಲ್ಪ ಹಿಂದೆ ಬೀಳುತ್ತೀರಿ, ಅದು ನಿಜ. ಹೆಡ್‌ಮಾಸ್ಟರ್‌ಗೆ ಮೊದಲೇ ಹೇಳಿಡುವುದು ಒಳ್ಳೆಯದು.

ನೀವು ಯಾವ ಕ್ಲಾಸಿಗೆ ಹೋಗುತ್ತೀರಿ ಎಂದು ಬರೆದಿಲ್ಲ. ಒಂದು-ಎರಡನೇ ತರಗತಿ ಆದರೆ ಬರೆಸುವುದು ಸದ್ಯಕ್ಕೆ ಬೇಡ, ಬಾಯಲ್ಲೇ ಹೇಳಿಸಿ, ಚಿತ್ರ ಬಿಡಿಸಲಿ.