ನಂಬರು ಗಾಳಿಯದು, ಕಾಟ ನೀರಿನದು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಜೂನ್ 1ರಿಂದ ನವೆಂಬರ್ 30ರ ತನಕ ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಎಂಬ ಬಿರುಗಾಳಿಯ ಕಾಲ. ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಅದರ ಅಬ್ಬರ ಜಾಸ್ತಿ. ಅಮೆರಿಕದಲ್ಲಿರುವ ಕನ್ನಡಿಗರು ಮತ್ತು ಊರಲ್ಲಿರುವ ಅವರ ಮನೆಯವರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿದ್ದೇವೆ.

ಫ್ಲಾರಿಡಾದ ಟ್ಯಾಂಪಾದಲ್ಲಿ ಕಳೆದ ವರ್ಷ ಮನೆ ಕೊಂಡೆವು. ಫ್ಲಡ್ ಝೋನ್ ಎಕ್ಸ್, ನೀರಿನ ಭಯ ಇಲ್ಲ ಅಂತ ಏಜೆಂಟ್ ಹೇಳಿದ್ದರು. ಈಗ ಕೌಂಟಿಯ ನಕ್ಷೆ ನೋಡಿದರೆ ಇವ್ಯಾಕ್ಯುಯೇಶನ್ ಝೋನ್ ಬಿ ಅಂತಿದೆ. ಯಾವುದನ್ನು ನಂಬೋದು? ಕೆಟಗರಿ 1 ಅಥವಾ 2 ಆದರೆ ಮನೆಯಲ್ಲೇ ಇರಬಹುದಲ್ವಾ?

ಎರಡನ್ನೂ ನಂಬಿ, ಆದರೆ ಬೇರೆ ಬೇರೆ ಕೆಲಸಕ್ಕೆ. ಫ್ಲಡ್ ಝೋನ್ ಬ್ಯಾಂಕ್ ಮತ್ತು ಇನ್ಶೂರೆನ್ಸಿನವರ ಲೆಕ್ಕ. ಯಾವುದೇ ಒಂದು ವರ್ಷದಲ್ಲಿ ಆ ಜಾಗ ಮುಳುಗುವ ಸಂಭವ ನೂರಕ್ಕೆ ಒಂದೋ ಅದಕ್ಕಿಂತ ಹೆಚ್ಚೋ ಇದ್ದರೆ ಎಇ, ವಿಇ ಎಂದು ಗುರುತಿಸುತ್ತಾರೆ. ಎಕ್ಸ್ ಅಂದರೆ ಅದಕ್ಕಿಂತ ಕಡಿಮೆ ಎಂದಷ್ಟೇ ಅರ್ಥ, ನೀರೇ ಬಾರದು ಎಂದಲ್ಲ. ಇವ್ಯಾಕ್ಯುಯೇಶನ್ ಝೋನ್ ಪ್ರಾಣದ ಲೆಕ್ಕ. ಬಿರುಗಾಳಿ ಕಡಲನ್ನೇ ದಡದ ಮೇಲೆ ತಳ್ಳಿಕೊಂಡು ಬರುತ್ತದಲ್ಲ, ಅಲ್ಲಿನವರು ಸರ್ಜ್ ಅನ್ನುವ ಆ ನೀರು, ಅದು ನಿಮ್ಮ ಮನೆಯ ತನಕ ತಲುಪೀತೇ ಎಂಬುದನ್ನು ಹೇಳುವ ಅಕ್ಷರ ಅದು. ಎ ಝೋನಿನವರು ಮೊದಲು ಹೊರಡಬೇಕು, ಆಮೇಲೆ ಬಿ, ಹೀಗೆ ಮುಂದಕ್ಕೆ. ನಿಮ್ಮ ಅಕ್ಷರವನ್ನು ಫ್ರಿಜ್ಜಿನ ಬಾಗಿಲಿಗೆ ದೊಡ್ಡದಾಗಿ ಬರೆದು ಅಂಟಿಸಿ.

ಇನ್ನು ಕೆಟಗರಿ. ಅದು ಅಳೆಯುವುದು ಗಾಳಿಯ ವೇಗ ಒಂದನ್ನೇ: ಗಂಟೆಗೆ 74 ಮೈಲಿಯಿಂದ 1, 96ರಿಂದ 2, 111ರಿಂದ 3, 130ರಿಂದ 4, 157ರಿಂದ 5. ಎಷ್ಟು ನೀರು ನುಗ್ಗುತ್ತದೆ, ಎಷ್ಟು ಮಳೆ ಸುರಿಯುತ್ತದೆ ಎಂಬುದು ಆ ನಂಬರಿನಲ್ಲಿ ಇಲ್ಲವೇ ಇಲ್ಲ. ನಿಮ್ಮ ಟ್ಯಾಂಪಾ ಕೊಲ್ಲಿಯೇ ಇದಕ್ಕೆ ಸಾಕ್ಷಿ. ಉತ್ತರ ಗೋಳಾರ್ಧದಲ್ಲಿ ಈ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. 2022ರ ಸೆಪ್ಟೆಂಬರ್ 28ರಂದು ಇಯಾನ್ ಎಂಬ ಹರಿಕೇನ್ ದಕ್ಷಿಣದ ಫೋರ್ಟ್ ಮೈಯರ್ಸ್ ಕಡೆ ದಡ ಹತ್ತಿದಾಗ ಟ್ಯಾಂಪಾದಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸಿ, ಕೊಲ್ಲಿಯ ನೀರು ಬತ್ತಿ ಕೆಸರು ಕಂಡಿತು. 2024ರಲ್ಲಿ ಹೆಲೀನ್ ಬಂದಾಗ ಅದರ ಕಣ್ಣು ಟ್ಯಾಂಪಾದಿಂದ 150 ಕಿ.ಮೀ.ಗೂ ಹೆಚ್ಚು ದೂರ, ಕಡಲಲ್ಲೇ ಹಾದುಹೋಯಿತು. ಆದರೂ ಗಾಳಿ ಕಡಲಿಂದ ನೆಲಕ್ಕೆ ಬೀಸಿದ್ದರಿಂದ ಕೊಲ್ಲಿಯ ನೀರಳತೆಯ ಹಳೆಯ ದಾಖಲೆ ಮುರಿಯಿತು. ನಂಬರು ನೋಡಿಕೊಂಡು ಕೂತವರ ಮನೆಗೆ ನೀರು ಬಂತು.

ಹಾಗಾಗಿ ನಿಮ್ಮ ಅಕ್ಷರಕ್ಕೆ ಆದೇಶ ಬಂದರೆ, ಕೆಟಗರಿ ಎಷ್ಟೇ ಇರಲಿ, ಹೊರಡಿ. ಅಟ್ಲಾಂಟಾ ತನಕ ಹೋಗಬೇಕಿಲ್ಲ. ಝೋನಿನ ಆಚೆ, ಹತ್ತಿಪ್ಪತ್ತು ಮೈಲಿ ಒಳಗೆ, ಗಟ್ಟಿ ಮನೆಯಿರುವ ಪರಿಚಯದವರನ್ನು ಜೂನ್‌ನಲ್ಲೇ ಕೇಳಿಟ್ಟುಕೊಳ್ಳಿ. 2005ರಲ್ಲಿ ರೀಟಾಗೆ ಹೆದರಿ ಹೂಸ್ಟನ್ನಿನಿಂದ ಲಕ್ಷಾಂತರ ಜನ ಒಟ್ಟಿಗೇ ಹೊರಟು, ಹೆದ್ದಾರಿಯ ಬಿಸಿಲಲ್ಲಿ ಸಿಕ್ಕಿಕೊಂಡು ಸತ್ತವರು ಹಲವರು. ಅವರಲ್ಲಿ ಹೊರಡುವ ಅಗತ್ಯವೇ ಇಲ್ಲದವರೂ ಇದ್ದರು. ಬಿರುಗಾಳಿಯ ಮುಂಚಿನ ಗಾಳಿ ಮುಟ್ಟುವುದಕ್ಕೆ ಸುಮಾರು 48 ಗಂಟೆ ಮೊದಲು ‘ವಾಚ್’ (ಬರಬಹುದು ಎಂಬ ಸೂಚನೆ), 36 ಗಂಟೆ ಮೊದಲು ‘ವಾರ್ನಿಂಗ್’ (ಬರಲಿದೆ ಎಂಬ ಎಚ್ಚರಿಕೆ) ಕೊಡುತ್ತಾರೆ. ವಾಚ್ ಬಂದಾಗ ಗಾಡಿಗೆ ಪೆಟ್ರೋಲು ತುಂಬಿಸಿ, ಆದೇಶ ಬಂದ ಹಗಲೇ ಹೊರಡಿ. ಗಾಳಿ 40 ಮೈಲಿ ಆಸುಪಾಸಿಗೆ ಬಂದರೆ ಕೊಲ್ಲಿಯ ಸೇತುವೆಗಳನ್ನು ಮುಚ್ಚುತ್ತಾರೆ.

ಒರ್ಲಾಂಡೋ ಸಮೀಪ ಇದ್ದೇವೆ. ಶಟರ್ ಹಾಕಿಸಲು ದುಡ್ಡು ಸಾಲದು. ಕಿಟಕಿ ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸಿದರೆ ಸಾಕೇ, ಪ್ಲೈವುಡ್ ಬೇಕೇ?

ಟೇಪ್ ಬೇಡವೇ ಬೇಡ. ಅದು ಗಾಜು ಒಡೆಯುವುದನ್ನು ತಡೆಯುವುದಿಲ್ಲ. ಒಡೆದ ಗಾಜು ಚೂರಾಗುವ ಬದಲು ದೊಡ್ಡ ದೊಡ್ಡ ತುಂಡುಗಳಾಗಿ ಹಾರಿ ಬರುತ್ತದೆ, ಅದು ಇನ್ನೂ ಕೆಟ್ಟದ್ದು.

ಪ್ಲೈವುಡ್ 5/8 ಇಂಚು ದಪ್ಪ, ಹೊರಾಂಗಣಕ್ಕೆ ಬಳಸುವಂಥದ್ದು ತನ್ನಿ. ಕಿಟಕಿಯ ನಾಲ್ಕೂ ಕಡೆ 4 ಇಂಚು ಆಚೆ ಬರುವಂತೆ ಕೊಯ್ಯಿಸಿ. ಸುತ್ತಲೂ 12 ಇಂಚಿಗೊಂದು ತೂತು. ಕಿಟಕಿ 3 ಅಡಿ ಅಗಲ, 4 ಅಡಿ ಎತ್ತರದ ಒಳಗಿದ್ದರೆ 1/4 ಇಂಚಿನ ಬೋಲ್ಟ್ ಸಾಕು. ಮರದ ಚೌಕಟ್ಟಿನ ಗೋಡೆಯಾದರೆ ಬೋಲ್ಟ್ 1 3/4 ಇಂಚು, ಕಾಂಕ್ರೀಟ್ ಬ್ಲಾಕಿನದಾದರೆ ಆ್ಯಂಕರ್ 1 1/2 ಇಂಚು ಒಳಗೆ ಕಚ್ಚಿರಬೇಕು. ಇಲ್ಲೇ ಎಲ್ಲರೂ ಎಡವುವುದು: ಮೇಲಿನ ಸ್ಟಕೋ ಗಿಲಾವನ್ನೂ ಆ ಅಳತೆಗೆ ಸೇರಿಸಿಬಿಡುತ್ತಾರೆ. ಸ್ಟಕೋಗೆ ಹಿಡಿತವಿಲ್ಲ. ಗಾಳಿ ಹಲಗೆಯನ್ನು ಒಳಕ್ಕೆ ಒತ್ತುವಷ್ಟೇ ಬಲವಾಗಿ ಹೊರಕ್ಕೂ ಎಳೆಯುತ್ತದೆ, ಆಗ ಗಿಲಾವಿನ ಸಮೇತ ಕಿತ್ತು ಬರುತ್ತದೆ. ಬರೀ ಮೊಳೆ ಹೊಡೆದ ಹಲಗೆಯ ಗತಿಯೂ ಅದೇ.

ಆ್ಯಂಕರುಗಳನ್ನು ಮೇ ತಿಂಗಳಲ್ಲೇ ಗೋಡೆಗೆ ಕೂರಿಸಿಡಿ. ಪ್ರತಿ ಹಲಗೆಯ ಮೇಲೆ ಯಾವ ಕಿಟಕಿಯದು, ಯಾವ ತುದಿ ಮೇಲಕ್ಕೆ ಎಂದು ಬರೆಯಿರಿ. ಪೂರ್ತಿ ಹಲಗೆಯೊಂದು 25 ಕಿಲೋ ತೂಗುತ್ತದೆ, ಒಬ್ಬರೇ ಏಣಿ ಹತ್ತಬೇಡಿ. ಹೊರಗೆ ಓಡಲು ಒಂದು ಬಾಗಿಲನ್ನಾದರೂ ಮುಚ್ಚದೆ ಬಿಡಿ.

ಕಿಟಕಿಗಿಂತ ಮೊದಲು ಗರಾಜಿನ ಬಾಗಿಲು ನೋಡಿ. ಮನೆಯಲ್ಲಿ ಅತಿ ದೊಡ್ಡ, ಅತಿ ತೆಳುವಾದ ಭಾಗ ಅದೇ. ಅದು ಒಳಗೆ ಬಗ್ಗಿ ಬಿದ್ದರೆ ನುಗ್ಗಿದ ಗಾಳಿ ಸೂರನ್ನು ಒಳಗಿನಿಂದ ಎತ್ತುತ್ತದೆ, ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತದೆ. ಬಾಗಿಲಿನ ಒಳಮೈಯಲ್ಲಿ ಗಾಳಿ ತಡೆಯುವ ಅಳತೆಯ ಚೀಟಿ ಇದೆಯೇ ಹುಡುಕಿ. ಇಲ್ಲದಿದ್ದರೆ ಆ ಬಾಗಿಲಿಗೆಂದೇ ಮಾಡಿದ ಅಡ್ಡಪಟ್ಟಿ ಹಾಕಿಸಿ. ದುಡ್ಡು ಒಂದಕ್ಕೇ ಸಾಕಾಗುವಷ್ಟಿದ್ದರೆ ಇದಕ್ಕೇ ಹಾಕಿ ಎನ್ನುತ್ತೇವೆ. ಹಿತ್ತಲಿನ ಕುರ್ಚಿ, ಗ್ರಿಲ್, ತುಳಸಿ ಕುಂಡ ಎಲ್ಲ ಒಳಗೆ ಬರಲಿ.

ಕೇಪ್ ಕೋರಲ್‌ನಿಂದ ಬರೆಯುತ್ತಿದ್ದೇನೆ. ನಮ್ಮದು ಸಸ್ಯಾಹಾರ, ಒಲೆ ಕರೆಂಟಿನದು. ಈ ಸಲ ಅತ್ತೆ, ಮಾವ ಬಂದಿದ್ದಾರೆ, ಮಾವನವರಿಗೆ ಇನ್ಸುಲಿನ್ ಇದೆ. ಸರಕಾರದ ತುರ್ತು ಆಹಾರದ ಪಟ್ಟಿಯಲ್ಲಿ ಬರೀ ಟ್ಯೂನಾ ಮೀನಿನ ಡಬ್ಬಿ! ವಾರ ಕರೆಂಟಿಲ್ಲದಿದ್ದರೆ ಏನು ತಿನ್ನೋದು?

ಪಟ್ಟಿ ಬದಿಗಿಡಿ. ಬೇಯಿಸದೆ ತಿನ್ನುವುದರಲ್ಲಿ ನಮ್ಮ ಅಡುಗೆಮನೆಯನ್ನು ಮೀರಿಸುವವರಿಲ್ಲ. ಅವಲಕ್ಕಿಗೆ ತಣ್ಣೀರು ಸಾಕು, ತೆಳು ಅವಲಕ್ಕಿಗೆ ಅದೂ ಬೇಡ. ಗೊಜ್ಜವಲಕ್ಕಿಯ ಪುಡಿ ಮೊದಲೇ ಮಾಡಿಡಿ, ಹಸಿ ಕಾಯಿಯ ಬದಲು ಕೊಬ್ಬರಿ ಹಾಕಿ. ಹುರಿಹಿಟ್ಟು, ಬೆಲ್ಲ, ಹುರಿಗಡಲೆ, ಕಡಲೆಬೀಜ, ಹಾಲಿನ ಪುಡಿ ಇರಲಿ. ಉತ್ತರ ಕರ್ನಾಟಕದ ಕಡಕ್ ರೊಟ್ಟಿ ಗಾಳಿಯಾಡದ ಡಬ್ಬದಲ್ಲಿ ವಾರಗಟ್ಟಲೆ ಕೆಡುವುದಿಲ್ಲ, ಜೊತೆಗೆ ಶೇಂಗಾ ಚಟ್ನಿಪುಡಿ. ಉಪ್ಪಿನಕಾಯಿ ಹೆಚ್ಚಾದರೆ ನೀರೂ ಹೆಚ್ಚು ಬೇಕು, ಅದು ಲೆಕ್ಕದಲ್ಲಿರಲಿ. ಇಡ್ಲಿ ಹಿಟ್ಟು ಉಳಿಸುವ ಆಸೆ ಬಿಡಿ. ಗಾಳಿ ಬರುವ ಹಿಂದಿನ ದಿನವೇ ಅಷ್ಟನ್ನೂ ಬೇಯಿಸಿ ತಿಂದು ಮುಗಿಸಿ.

ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್. ನಾಲ್ವರಿಗೆ ಏಳು ದಿನಕ್ಕೆ 28 ಗ್ಯಾಲನ್, ಅಂದರೆ ನೂರು ಲೀಟರಿಗಿಂತ ಸ್ವಲ್ಪ ಜಾಸ್ತಿ. ಫ್ಲಶ್ ಮಾಡಲು ಬಾತ್‌ಟಬ್ ತುಂಬಿಸಿ. ಅದರ ಬಿರಡೆ ಸಣ್ಣಗೆ ಸೋರಿ ಬೆಳಗಾಗುವಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತದೆ. ಅದಕ್ಕೆ ಒಣಗಿದ್ದಾಗಲೇ ಬಿರಡೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಡಕ್ಟ್ ಟೇಪ್ ಒತ್ತಿ, ಆಮೇಲೆ ನಲ್ಲಿ ಬಿಡಿ. ಕುಡಿಯುವ ನೀರಿನ ಮೇಲೆ ಅನುಮಾನವಿದ್ದರೆ ಒಂದು ನಿಮಿಷ ಕುದಿಸಿ. ಕುದಿಸಲು ಆಗದಿದ್ದರೆ ಒಂದು ಗ್ಯಾಲನ್ ತಿಳಿನೀರಿಗೆ ಪರಿಮಳವಿಲ್ಲದ 6 ಪರ್ಸೆಂಟ್ ಬ್ಲೀಚ್ 8 ಹನಿ ಹಾಕಿ ಅರ್ಧ ಗಂಟೆ ಬಿಡಿ.

ಬಾಗಿಲು ತೆಗೆಯದ ಫ್ರಿಜ್ ತಣ್ಣಗಿರುವುದು ನಾಲ್ಕು ಗಂಟೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ಖಾಲಿಯಿದ್ದರೆ 24. ಖಾಲಿ ಜಾಗಕ್ಕೆಲ್ಲ ಕುತ್ತಿಗೆಯ ತನಕ ನೀರು ತುಂಬಿದ ಬಾಟಲಿ ತುರುಕಿ. ಒಂದು ಲೋಟ ನೀರನ್ನು ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯ ಇಟ್ಟು ಹೊರಡಿ. ತಿರುಗಿ ಬಂದಾಗ ನಾಣ್ಯ ತಳದಲ್ಲಿದ್ದರೆ, ಈಗ ಎಷ್ಟೇ ಗಟ್ಟಿಯಾಗಿ ಕಂಡರೂ, ನಡುವೆ ಎಲ್ಲ ಕರಗಿತ್ತು ಎಂದರ್ಥ. ಪನೀರು, ಸಾರು, ನೆನೆಸಿದ ಕಾಳು ಎಲ್ಲ ಚೆಲ್ಲಿ.

ಬಳಕೆಯಲ್ಲಿರುವ ಬಹುತೇಕ ಇನ್ಸುಲಿನ್ 86 ಡಿಗ್ರಿ ಫ್ಯಾರನ್‌ಹೀಟ್ ಒಳಗಿದ್ದರೆ ಫ್ರಿಜ್ಜಿನ ಹೊರಗೂ 28 ದಿನದವರೆಗೆ ಬರುತ್ತದೆ. ನಿಮ್ಮದರ ಚೀಟಿ ಓದಿಕೊಳ್ಳಿ. ಆದರೆ ಎಸಿ ಇಲ್ಲದ ಫ್ಲಾರಿಡಾದ ಮನೆ ಆ ಬಿಸಿಯನ್ನು ಮಧ್ಯಾಹ್ನದ ಹೊತ್ತಿಗೇ ದಾಟುತ್ತದೆ. ಬಟ್ಟೆ ಸುತ್ತಿ ಐಸ್ ಡಬ್ಬದಲ್ಲಿಡಿ, ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೆ ಬಿಸಾಡುವುದೇ ಗತಿ. ಕ್ಯಾಂಪ್ ಸ್ಟೌ ಇದ್ದರೆ ಉರಿಸುವುದು ಬಯಲಲ್ಲಿ ಮಾತ್ರ. ಕಿಟಕಿ ತೆರೆದಿಟ್ಟರೂ ಒಳಗೆ ಸಲ್ಲದು.

ಹೂಸ್ಟನ್: 2024ರ ಜುಲೈನಲ್ಲಿ ಬೆರಿಲ್ ಬಂದಾಗ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಜನರೇಟರ್ ಕೊಂಡಿದ್ದೇವೆ. ಗೋಡೆಯ ಸಾಕೆಟ್ಟಿಗೇ ಸಿಕ್ಕಿಸಿದರೆ ಇಡೀ ಮನೆಗೆ ಬರುತ್ತೆ ಅಂತಾರೆ, ನಿಜವೇ?

ಬರುತ್ತದೆ, ಬೀದಿಯ ಲೈನಿಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಏರಿ ಸಾವಿರಾರು ವೋಲ್ಟ್ ಆಗಿ, ಲೈನ್ ಸತ್ತಿದೆ ಎಂದು ಕೈಹಾಕಿದ ಲೈನ್‌ಮ್ಯಾನನನ್ನು ಕೊಲ್ಲುತ್ತದೆ. ಮನೆಯನ್ನು ಬೀದಿಯ ಲೈನಿನಿಂದ ಬೇರ್ಪಡಿಸುವ, ಎಲೆಕ್ಟ್ರಿಷಿಯನ್ ಕೂರಿಸಿದ ಟ್ರಾನ್ಸ್‌ಫರ್ ಸ್ವಿಚ್ ಇಲ್ಲದಿದ್ದರೆ, ಹೊರಾಂಗಣದ ದಪ್ಪ ವೈರ್ ಎಳೆದು ಫ್ರಿಜ್ಜು, ಫ್ಯಾನುಗಳನ್ನು ನೇರ ಜನರೇಟರಿಗೇ ಸಿಕ್ಕಿಸಿ. 50 ಅಡಿ ಉದ್ದಕ್ಕೆ 12 ಗೇಜಿನ ವೈರ್ ಬೇಕು, ತೆಳು ವೈರ್ ಬಿಸಿಯಾಗಿ ಕರಗುತ್ತದೆ. 2000 ವಾಟಿನ ಇನ್ವರ್ಟರ್ ಜನರೇಟರ್ ಒಂದು ಫ್ರಿಜ್, ಎರಡು ಫ್ಯಾನ್, ಫೋನುಗಳನ್ನು ನಡೆಸುತ್ತದೆ. ಸೆಂಟ್ರಲ್ ಎಸಿಯ ಆಸೆ ಬೇಡ.

ಜಾಗ ಮನೆಯಿಂದ 20 ಅಡಿ ಆಚೆ, ಹೊಗೆ ಮನೆಯಿಂದ ದೂರಕ್ಕೆ ಹೋಗುವಂತೆ ಮುಖಮಾಡಿ. ಬಾಗಿಲು ಎತ್ತಿದ ಗರಾಜೂ ಒಳಗೆಂದೇ ಲೆಕ್ಕ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು, ವಾಕರಿಕೆ ಬಂದಾಗ ಸುಸ್ತು ಎಂದುಕೊಂಡು ಮಲಗಿದವರು ಏಳುವುದಿಲ್ಲ. ಬ್ಯಾಟರಿಯ ಅಲಾರಂ ಮಲಗುವ ಕೋಣೆಯ ಹತ್ತಿರವಿರಲಿ. ಬೆರಿಲ್ ಬರೀ ಕೆಟಗರಿ 1, ಆದರೂ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ಆಮೇಲಿನ ಸೆಕೆಯೂ ಜೀವ ತೆಗೆಯಿತು.

ನಾರ್ತ್ ಕ್ಯಾರೊಲೈನಾದ ಶಾರ್ಲಟ್‌ನಲ್ಲಿದ್ದೇವೆ, ಕಡಲಿಂದ ಬಹಳ ದೂರ. ಫ್ಲಡ್ ಇನ್ಶೂರೆನ್ಸ್ ನಮಗೂ ಬೇಕೇ? ಗಾಳಿ ಬರುವ ಸುದ್ದಿ ಬಂದಾಗ ತೆಗೆದುಕೊಂಡರೆ ಸಾಲದೇ?

ಸಾಲದು. ಸರಕಾರಿ ಯೋಜನೆಯ ಫ್ಲಡ್ ಪಾಲಿಸಿ ಸಾಮಾನ್ಯವಾಗಿ ಜಾರಿಗೆ ಬರುವುದು ಕೊಂಡ 30 ದಿನದ ಮೇಲೆ. ಮಾಮೂಲು ಮನೆ ಪಾಲಿಸಿ, ಬಾಡಿಗೆದಾರರ ಪಾಲಿಸಿ ಎರಡರಲ್ಲೂ ಪ್ರವಾಹ ಸೇರಿಲ್ಲ. ಆ ಯೋಜನೆಯಲ್ಲಿ ಕಟ್ಟಡಕ್ಕೆ 2,50,000, ಸಾಮಾನಿಗೆ 1,00,000 ಡಾಲರ್ ಮಿತಿ, ಸಾಮಾನಿನದು ಬೇರೆಯಾಗಿಯೇ ಕೇಳಬೇಕು. ಕಾರಿಗೆ ಕಾಂಪ್ರಹೆನ್ಸಿವ್ ಇದ್ದರೆ ನೀರಿನ ಹಾನಿ ಸಿಗುತ್ತದೆ. ಇನ್ನೊಂದು: ಹರಿಕೇನ್ ಡಿಡಕ್ಟಬಲ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಪರ್ಸೆಂಟಿನ ಲೆಕ್ಕ. 4,00,000 ಡಾಲರಿನ ಮನೆಗೆ 2 ಪರ್ಸೆಂಟ್ ಎಂದರೆ ಮೊದಲ 8,000 ನಿಮ್ಮ ಕೈಯಿಂದ.

ದೂರದ ಮಾತಿಗೆ ನಿಮ್ಮದೇ ರಾಜ್ಯದ ಆಶ್‌ವಿಲ್ ನೋಡಿ. ಬೆಟ್ಟದ ಊರು. 2024ರಲ್ಲಿ ಹೆಲೀನ್ ಮಳೆಗೆ ನದಿಗಳು ಉಕ್ಕಿ ನೀರಿನ ಪೈಪುಗಳನ್ನೇ ಕೊಚ್ಚಿಕೊಂಡು ಹೋದವು. ನಲ್ಲಿ ನೀರು ಮತ್ತೆ ಕುಡಿಯಲು ಯೋಗ್ಯವೆಂದು ಹೇಳಲು 53 ದಿನ ಬೇಕಾಯಿತು.

ಇವತ್ತೇ ಫೋನ್ ಹಿಡಿದು ಪ್ರತಿ ಕೋಣೆ, ಪ್ರತಿ ಕಪಾಟಿನ ವಿಡಿಯೊ ಮಾಡಿ ಕ್ಲೌಡಿಗೆ ಹಾಕಿ. ಪಾಸ್‌ಪೋರ್ಟ್, ವೀಸಾ ಅನುಮೋದನೆ ಪತ್ರ, ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್, ಮಕ್ಕಳ ಜನನ ಪತ್ರಗಳ ಮೂಲಪ್ರತಿ ಜಿಪ್ ಚೀಲದಲ್ಲಿ ಒಂದೇ ಕಡೆ ಇರಲಿ, ಹೊರಡುವಾಗ ಕೈಗೆ ಸಿಗುವಂತೆ.

ಮೈಸೂರಿನಿಂದ: ಮಗಳು ಫ್ಲಾರಿಡಾದಲ್ಲಿದ್ದಾಳೆ. ಟಿವಿಯಲ್ಲಿ ಆ ಕೋನ್ ಆಕಾರ ಅವಳ ಊರಿನ ಮೇಲೆ ಬಂದರೆ ಜೀವ ಹಾರಿಹೋಗುತ್ತೆ. ಫೋನೂ ಎತ್ತೋದಿಲ್ಲ.

ಆ ಕೋನ್ ಬಿರುಗಾಳಿಯ ಗಾತ್ರವಲ್ಲ ಅಮ್ಮ, ಅದರ ನಡುಬಿಂದು ಎಲ್ಲಿ ಸಾಗಬಹುದೆಂಬ ಅಂದಾಜು. ಮೂರರಲ್ಲಿ ಎರಡು ಸಲ ಬಿಂದು ಅದರೊಳಗಿರುತ್ತದೆ. ಒಳಗಿದ್ದರೆಲ್ಲ ಆಪತ್ತಲ್ಲ, ಹೊರಗಿದ್ದರೆಲ್ಲ ಕ್ಷೇಮವೂ ಅಲ್ಲ. ಅವಳ ಝೋನಿನ ಅಕ್ಷರ ಯಾವುದು, ಆದೇಶ ಬಂದರೆ ಯಾರ ಮನೆಗೆ ಹೋಗುತ್ತಾಳೆ, ಇವೆರಡನ್ನು ಈಗಲೇ ಕೇಳಿ ಬರೆದುಕೊಳ್ಳಿ. ಗಾಳಿಯ ದಿನ ಕರೆ ಮಾಡಬೇಡಿ, ಮೆಸೇಜ್ ಹಾಕಿ. ಹರಕುಮುರುಕು ಸಿಗ್ನಲ್‌ನಲ್ಲೂ ಅದು ತೂರಿಕೊಳ್ಳುತ್ತದೆ, ಅವಳ ಬ್ಯಾಟರಿಯೂ ಉಳಿಯುತ್ತದೆ. ಬೇರೆ ರಾಜ್ಯದ ಗೆಳತಿಯೊಬ್ಬಳಿಗೆ ಅವಳು ಸುದ್ದಿ ಮುಟ್ಟಿಸಲಿ, ನೀವು ಆಕೆಯನ್ನೇ ಕೇಳಿ. ಹರಿಕೇನ್ ಕಾಲದ ಹೆಚ್ಚಿನ ತಿಂಗಳು ಫ್ಲಾರಿಡಾದ ಬಹುಪಾಲು ಊರುಗಳ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ.

ಮಲ್ಪೆಯಿಂದ: ಹರಿಕೇನ್, ನಮ್ಮ ಚಂಡಮಾರುತ ಎರಡೂ ಒಂದೇಯಾ? ತೌಕ್ತೆ ದಡ ಮುಟ್ಟಿದ್ದು ಗುಜರಾತಿನಲ್ಲಿ, ನಮ್ಮಲ್ಲಿ ಯಾಕೆ ಅಷ್ಟು ಹಾನಿ?

ಜಾತಿ ಒಂದೇ, ಹೆಸರು ಬೇರೆ. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, 118ರ ಮೇಲೆ ಅತಿ ತೀವ್ರ. ಹರಿಕೇನ್ ಶುರುವಾಗುವುದೇ ಸುಮಾರು ಅಲ್ಲಿಂದ. ಇಲ್ಲಿ ಮೂರು ನಿಮಿಷದ ಸರಾಸರಿ, ಅಮೆರಿಕದಲ್ಲಿ ಒಂದು ನಿಮಿಷದ್ದು, ಹಾಗಾಗಿ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ನಮ್ಮ ಅರಬ್ಬಿ ಕಡಲಿಗೆ ಮುಂಗಾರಿನ ಮುಂಚಿನ ಮೇ, ಜೂನ್ ಒಂದು ಕಾಲ, ಹಿಂಗಾರಿನ ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು.

2021ರ ಮೇ ತಿಂಗಳಲ್ಲಿ ತೌಕ್ತೆ ಉತ್ತರಕ್ಕೆ ಸಾಗುವಾಗ ಕರಾವಳಿ ಅದರ ಬಲಗಡೆಗಿತ್ತು. ಟ್ಯಾಂಪಾಕ್ಕೆ ಹೇಳಿದ ಲೆಕ್ಕವೇ ಇಲ್ಲೂ: ಬಲಗಡೆಯ ಗಾಳಿ ಅಲೆಯನ್ನು ದಡಕ್ಕೆ ತಳ್ಳುತ್ತದೆ, ಕಡಲ್ಕೊರೆತ ಅಲ್ಲಿಂದ. ದಡ ಮುಟ್ಟುವ ಊರು ಯಾವುದೆಂದು ನೋಡುವುದಕ್ಕಿಂತ ಗಾಳಿ ಎಷ್ಟು ಹತ್ತಿರ, ಯಾವ ಬದಿಯಲ್ಲಿ ಹಾದುಹೋಗುತ್ತದೆಂದು ನೋಡಿ. ಅಪ್ಪಿತಪ್ಪಿ ಕಣ್ಣೇ ಮೇಲೆ ಬಂದರೆ ಗಾಳಿ ಥಟ್ಟನೆ ನಿಂತು ಆಕಾಶ ತಿಳಿಯಾದೀತು. ಮುಗಿಯಿತೆಂದು ದೋಣಿ ನೋಡಲು ಹೋಗಬೇಡಿ. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಮತ್ತೆ ಹೊಡೆಯುತ್ತದೆ, ಅದೂ ಒಂದೇ ಕಡೆ ಬಿಗಿದ ಹಗ್ಗದ ಮೇಲೆ.