ಅತ್ತೆಯ ಮರೆವಿಗೆ ವಯಸ್ಸೊಂದೇ ಕಾರಣವೇ?

ಪ್ರಶ್ನೆ: ನಮ್ಮ ಅತ್ತೆಗೆ 74 ವರ್ಷ. ಮಾವ ತೀರಿಕೊಂಡು ಎಂಟು ತಿಂಗಳಾಯ್ತು. ಈಚೆಗೆ ಕಿವಿಯ ಓಲೆಯನ್ನು ತಾವೇ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು, ನಾನು ಕದ್ದೆ ಅನ್ನುತ್ತಾರೆ. ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ‘ಅರವತ್ತಕ್ಕೆ ಅರಳುಮರಳು, ಇದಕ್ಕೆಲ್ಲ ಡಾಕ್ಟರ್ ಯಾಕೆ’ ಎನ್ನುತ್ತಾರೆ ನಾದಿನಿ. ಏನು ಮಾಡಲಿ?
– ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ನಾದಿನಿಯವರ ಮಾತು ಕೇಳಬೇಡಿ ತಾಯಿ. ಆ ಗಾದೆ ನಂಬಿ ಎಷ್ಟೋ ಹಿರಿಯರನ್ನು ಮೂಲೆಯಲ್ಲಿ ಕೂರಿಸಿದ್ದೇವೆ. ಇದು ಮರೆಗುಳಿ ಕಾಯಿಲೆ ಇರಬಹುದು, ಖಿನ್ನತೆಯೂ ಇರಬಹುದು. ಖಿನ್ನತೆಯಾದರೆ ವಾಸಿಯಾಗುತ್ತದೆ.

ನನ್ನ ಬಳಿಗೆ ಒಬ್ಬ ಅಜ್ಜಿಯನ್ನು ಮಗ ‘ಮರೆವು’ ಎಂದು ಕರೆತಂದಿದ್ದರು. ‘ಹುರುಳಿ ಬಸ್ಸಾರು ಹೇಗೆ ಮಾಡ್ತೀರಮ್ಮ?’ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ‘ಯಾರಿಗೆ ಮಾಡ್ಲಿ?’ ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಖಿನ್ನತೆಗೆ ಔಷಧಿ ಶುರುವಾಗಿ ಆರೇಳು ವಾರಕ್ಕೆ, ಸಾರಿಗೆ ಉಪ್ಪು ಸಾಲದು ಎಂದು ಸೊಸೆಯನ್ನು ಗದರಿದರಂತೆ. ಮಗ ಫೋನ್ ಮಾಡಿ ಹೇಳಿದಾಗ ನನಗೆ ಗಂಟಲು ಕಟ್ಟಿತು.

ಮೊದಲು ಥೈರಾಯ್ಡ್, ಬಿ12, ಸೋಡಿಯಂ ರಕ್ತಪರೀಕ್ಷೆ ಮಾಡಿಸಿ. ಕಿವಿ, ಕಣ್ಣನ್ನೂ ತೋರಿಸಿ. ಸರಿಯಾಗಿ ಕೇಳಿಸದವರಿಗೆ ಅನುಮಾನ ಬೇಗ ಹುಟ್ಟುತ್ತದೆ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ, ಅಂಗಡಿಯಿಂದ ತಂದ ನಿದ್ದೆ ಮಾತ್ರೆಯನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಹೆಚ್ಚಿದರೆ ಅಂದೇ ಆಸ್ಪತ್ರೆಗೆ ಹೋಗಿ. ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ.

ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆ ಆಸ್ಪತ್ರೆಯಲ್ಲಿ ಬೇರೆ ಸಾಲು ಇರಬೇಕೆಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ಸರಿ, ಆದರೆ ಬಸ್ ಹತ್ತಲಾರದವರು ಆ ಸಾಲಿಗೆ ಬರುವುದಾದರೂ ಹೇಗೆ? ಮನೆಬಾಗಿಲಿಗೆ ನರ್ಸ್ ಬಂದು ಬಿಪಿ ನೋಡುವಾಗ ‘ನಿದ್ದೆ ಬರುತ್ತಾ, ಅಳು ಬರುತ್ತಾ’ ಎಂದೂ ಕೇಳುವಂತಾಗಬೇಕು. ಸರ್ಕಾರದಿಂದ ನಾನು ಬೇಡುವುದು ಮೊದಲು ಅದನ್ನು.

ಓಲೆಯ ವಿಷಯಕ್ಕೆ ವಾದ ಬೇಡ, ಜೊತೆಗೆ ಕೂತು ಹುಡುಕಿ. ಅತ್ತೆ ‘ನಾನೂ ಅವರ ಹಿಂದೆ ಹೋಗ್ತೀನಿ’ ಎಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರಿಗೆ ತೋರಿಸಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೀಗ ಹಾಕಿಡಿ.