ಥ್ರೆಶೋಲ್ಡ್ ಅಂದ್ರೆ ಲಿಮಿಟ್ ಅಂತಾನೇ ಅರ್ಥನಾ?

ನೀವು ಕೇಳಿರೋದು ಇಷ್ಟು: ಥ್ರೆಶೋಲ್ಡ್, ಲಿಮಿಟ್ ಎರಡಕ್ಕೂ ಕನ್ನಡದಲ್ಲಿ ಮಿತಿ ಅಂತಾನೇ ಬರೀತಾರೆ, ಹಾಗಾದ್ರೆ ಎರಡೂ ಒಂದೇನಾ, 'ದ ಥ್ರೆಶೋಲ್ಡ್ ಸ್ಪೀಡ್ ಆನ್ ದಿಸ್ ರೋಡ್ ಈಸ್ 60' ಅಂತ ಬರೆದ್ರೆ ಸರಿನಾ ಅಂತ. ವಾಕ್ಯದ ವಿಷಯ ಕೊನೆಗೆ ಹೇಳ್ತೀನಿ, ಮೊದಲು ಪದ ನೋಡೋಣ.

ಎರಡೂ ಒಂದೇ ಅಲ್ಲ. ಲಿಮಿಟ್ ಅಂದ್ರೆ ಇಲ್ಲಿಗೆ ಮುಗೀತು, ಇದರಾಚೆ ಹೋಗಂಗಿಲ್ಲ ಅಥವಾ ಹೋಗಕ್ಕಾಗಲ್ಲ ಅಂತ. ಥ್ರೆಶೋಲ್ಡ್ ಅಂದ್ರೆ ಇಲ್ಲಿಂದ ಶುರು ಅಂತ, ಇದನ್ನ ಮುಟ್ಟೋವರೆಗೂ ಏನೂ ಆಗಲ್ಲ, ಮುಟ್ಟಿದ ತಕ್ಷಣ ಏನೋ ಒಂದು ಆಗತ್ತೆ. ಮಿತಿ ಅನ್ನೋ ಒಂದೇ ಪದ ಎರಡಕ್ಕೂ ಹಾಕಿದ್ರೆ ಈ ಶುರು-ಕೊನೆ ವ್ಯತ್ಯಾಸಾನೇ ಅಳಿಸಿ ಹೋಗತ್ತೆ, ಗೊಂದಲ ಆಗೋದೇ ಅಲ್ಲಿ.

ನನಗೆ ಇದು ಸರಿಯಾಗಿ ತಲೆಗೆ ಹೋಗಿದ್ದು ಕಿವಿ ಟೆಸ್ಟ್ ಮಾಡಿಸಿಕೊಂಡ ದಿನ. ಹೊರಗಿನ ಶಬ್ದ ಬರದ ಹಾಗೆ ಮಾಡಿರೋ ಒಂದು ಪುಟ್ಟ ರೂಮು, ಬಾಗಿಲು ಹಾಕಿ ಹೆಡ್‌ಫೋನ್ ಹಾಕಿ ಕೈಗೊಂದು ಬಟನ್ ಕೊಟ್ಟು, ಎಷ್ಟೇ ಸಣ್ಣದಾಗಿ ಕೇಳಿಸಿದ್ರೂ ಒತ್ತಿ ಅಂದ್ರು. ಕುಂಯ್ ಅಂತ ಒಂದು ಸದ್ದು ಬರತ್ತೆ, ಒತ್ತಿದ್ರೆ ಮುಂದಿನದು 10 ಡೆಸಿಬೆಲ್ (ಸದ್ದು ಎಷ್ಟು ಜೋರು ಅಂತ ಅಳೆಯೋ ಮಾನ) ಕಮ್ಮಿ ಆಗತ್ತೆ, ಒತ್ತದೇ ಇದ್ರೆ 5 ಜಾಸ್ತಿ ಆಗತ್ತೆ, ಹೀಗೇ ಇಳಿಸ್ತಾ ಏರಿಸ್ತಾ ಒಂದು ಹಂತಕ್ಕೆ ಬಂದಾಗ ಇದು ನಿಜವಾಗ್ಲೂ ಕೇಳಿಸ್ತಾ ಇದೆಯಾ ಇಲ್ಲ ನಾನೇ ಕಲ್ಪಿಸ್ಕೊಳ್ತಾ ಇದ್ದೀನಾ ಅಂತ ಗೊತ್ತಾಗದೆ ಹೆಬ್ಬೆರಳು ಬಟನ್ ಮೇಲೆ ಸುಮ್ನೆ ನಿಂತಿರತ್ತೆ. ಅದೇ ಜಾಗ ಥ್ರೆಶೋಲ್ಡ್. ಸದ್ದು ಏರಿಸ್ತಾ ಬರುವಾಗ ಕನಿಷ್ಠ ಅರ್ಧದಷ್ಟು ಸಲ ನೀವು ಬಟನ್ ಒತ್ತಿದ ಅತಿ ಕಡಿಮೆ ಮಟ್ಟ ಯಾವುದೋ ಅದನ್ನ ಬರ್ಕೊಳ್ತಾರೆ.

ರಿಪೋರ್ಟ್‌ನಲ್ಲಿ 4000 ಹರ್ಟ್ಸ್ ಅನ್ನೋ ಕೀರಲು ಸದ್ದಿನ ಹತ್ರ ಬಲಗಿವಿ ಥ್ರೆಶೋಲ್ಡ್ 15, ಎಡಗಿವಿ 40 ಅಂತಿತ್ತು. ನಾನು ಥ್ರೆಶೋಲ್ಡ್ ಅಂದ್ರೆ ಲಿಮಿಟ್ ಅನ್ಕೊಂಡು ಓದಿದ್ರಿಂದ ಎಡಗಿವಿ ಸಾಮರ್ಥ್ಯ ಜಾಸ್ತಿ ಅಂತ ಸಮಾಧಾನ ಮಾಡ್ಕೊಂಡೆ. ಟೆಸ್ಟ್ ಮಾಡಿದವರು ನಿಧಾನವಾಗಿ ಬಿಡಿಸಿ ಹೇಳಿದ್ರು, ಎಡಗಿವಿಗೆ ಸದ್ದು ಕೇಳಿಸೋಕೆ ಶುರು ಆಗಬೇಕಾದ್ರೇನೇ 40 ಡೆಸಿಬೆಲ್ ಬೇಕು, ಅದಕ್ಕಿಂತ ಸಣ್ಣ ಸದ್ದು ಅದರ ಪಾಲಿಗೆ ಇಲ್ಲವೇ ಇಲ್ಲ ಅಂತ. ಅಂದ್ರೆ ಇಲ್ಲಿ ನಂಬರ್ ಏರಿದಷ್ಟೂ ಕಿವಿ ಮಂದ. ಲಿಮಿಟ್ ಆಗಿದ್ರೆ ಜಾಸ್ತಿ ಇದ್ದಷ್ಟೂ ಒಳ್ಳೇದಿತ್ತು, ಥ್ರೆಶೋಲ್ಡ್ ಆಗಿರೋದ್ರಿಂದ ಲೆಕ್ಕ ಪೂರ್ತಿ ಉಲ್ಟಾ. ಅಂದಹಾಗೆ ಆ ಪಟ್ಟಿಯಲ್ಲಿ 0 ಅಂದ್ರೆ ಸದ್ದೇ ಇಲ್ಲ ಅಂತಲ್ಲ, ಕಿವಿ ಚೆನ್ನಾಗಿರೋ ಯುವಕರ ಸರಾಸರಿ ಥ್ರೆಶೋಲ್ಡ್ ಅದು, ಅದಕ್ಕೇ ಕೆಲವರಿಗೆ ಮೈನಸ್ ಕೂಡ ಬರತ್ತೆ.

ಇನ್ನು ಸದ್ದು ಏರಿಸ್ತಾ ಹೋದ್ರೆ ಸುಮಾರು 120-130 ಡೆಸಿಬೆಲ್ ಹತ್ರ ಕಿವಿ ನೋಯೋಕೆ ಶುರು ಆಗತ್ತೆ. ಅದು ಮೇಲಿನ ತುದಿ ಅಲ್ವಾ, ಲಿಮಿಟ್ ಅನ್ನಬೇಕಲ್ವಾ ಅನ್ನಿಸಬಹುದು, ಆದ್ರೆ ಅದಕ್ಕೂ ಥ್ರೆಶೋಲ್ಡ್ ಆಫ್ ಪೇನ್ ಅಂತಾನೇ ಹೆಸರು, ಯಾಕಂದ್ರೆ ಅಲ್ಲಿ ನೋವು ಶುರು. ನೋವಿನ ವಿಷಯ ಬಂತು ಅಂತ ಹೇಳ್ತೀನಿ, ಎಷ್ಟು ನೋವಾದ್ರೂ ತಡ್ಕೊಳ್ಳೋರಿಗೆ 'ಹೈ ಪೇನ್ ಥ್ರೆಶೋಲ್ಡ್' ಇದೆ ಅಂತ ಎಲ್ಲರೂ ಹೇಳ್ತಾರೆ, ಇಂಗ್ಲಿಷ್ ಮಾತಾಡೋರೇ ಹೇಳ್ತಾರೆ. ಮಾತಲ್ಲಿ ನಡೆಯತ್ತೆ. ಆದ್ರೆ ವೈದ್ಯಕೀಯದಲ್ಲಿ ಪೇನ್ ಥ್ರೆಶೋಲ್ಡ್ ಅಂದ್ರೆ ಇದು ನೋವು ಅಂತ ಅನ್ನಿಸೋಕೆ ಶುರುವಾಗೋ ಬಿಂದು, ತಡ್ಕೊಳ್ಳೋ ಶಕ್ತಿಗೆ ಪೇನ್ ಟಾಲರೆನ್ಸ್ ಅನ್ನೋ ಬೇರೆ ಪದಾನೇ ಇದೆ. ಬರೆಯೋವಾಗ ದಯವಿಟ್ಟು ಇವೆರಡನ್ನ ಬೆರೆಸಬೇಡಿ.

ಪದದ ಮೂಲ ಅರ್ಥ ಹೊಸ್ತಿಲು. ಬಾಗಿಲ ಚೌಕಟ್ಟಿನ ಕೆಳಗಿನ ಪಟ್ಟಿ, ಅಷ್ಟೇ. ಅದನ್ನ ದಾಟಿದ್ರೆ ಒಳಗೆ, ಇಲ್ಲಾಂದ್ರೆ ಹೊರಗೆ, ಬೇರೆಲ್ಲಾ ಅರ್ಥ ಅದರಿಂದಾನೇ ಹುಟ್ಟಿರೋದು. ಹಳೇ ಕಾಲದಲ್ಲಿ ನೆಲಕ್ಕೆ ಹರಡಿದ್ದ ಹುಲ್ಲು ಆಚೆ ಹೋಗದ ಹಾಗೆ 'ಹೋಲ್ಡ್' ಮಾಡ್ತಿದ್ದ ಹಲಗೆ ಅನ್ನೋ ಕಥೆ ಎಲ್ಲಾ ಕಡೆ ಓಡಾಡತ್ತೆ, ಅದು ಸುಳ್ಳು. ಹಳೇ ಇಂಗ್ಲಿಷ್‌ನಲ್ಲಿ ಈ ಪದದ ಒಳಗೆ ಹೋಲ್ಡ್ ಇರಲೇ ಇಲ್ಲ. ಮೊದಲ ಭಾಗ ಕಣದಲ್ಲಿ ತೆನೆ ಒಕ್ಕೋದಕ್ಕೆ ಹೇಳ್ತಾರಲ್ಲ ಥ್ರೆಶ್ ಅಂತ, ಅದಕ್ಕೆ ಸಂಬಂಧಪಟ್ಟಿದ್ದು, ಅದರ ಹಳೇ ಅರ್ಥ ತುಳಿಯೋದು. ಎರಡನೇ ಭಾಗದ ಬಗ್ಗೆ ಪಂಡಿತರಲ್ಲೇ ಒಮ್ಮತ ಇಲ್ಲ. ಒಳಗೆ ಹೋಲ್ಡ್ ಇಲ್ಲ ಅಂದ್ಮೇಲೆ ಸ್ಪೆಲಿಂಗ್‌ನಲ್ಲೂ ಮಧ್ಯೆ ಒಂದೇ ಹೆಚ್, ವಿತ್‌ಹೋಲ್ಡ್‌ನಲ್ಲಿ ಇರೋ ಹಾಗೆ ಎರಡು ಹೆಚ್ ಹಾಕಬೇಡಿ. ಉಚ್ಚಾರಣೆ ಥ್ರೆಶೋಲ್ಡ್ ಅಂದ್ರೂ ಸರಿ, ಥ್ರೆಶ್‌ಹೋಲ್ಡ್ ಅಂದ್ರೂ ಸರಿ.

ವಿಜ್ಞಾನದ ಉದಾಹರಣೆ ಒಂದೇ ಒಂದು ಕೊಡ್ತೀನಿ, ಯಾಕಂದ್ರೆ ಇದರಷ್ಟು ಸ್ಪಷ್ಟವಾಗಿರೋದು ಬೇರೆ ಸಿಗಲ್ಲ. ಲೋಹದ ಮೇಲೆ ಬೆಳಕು ಬಿದ್ರೆ ಎಲೆಕ್ಟ್ರಾನ್ ಹೊರಗೆ ಹಾರತ್ತೆ, ಆದ್ರೆ ಆ ಬೆಳಕಿನ ಫ್ರೀಕ್ವೆನ್ಸಿ (ಅದರ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸತ್ತೆ ಅನ್ನೋದು) ಒಂದು ಮಟ್ಟಕ್ಕಿಂತ ಕೆಳಗಿದ್ರೆ ದೀಪ ಎಷ್ಟೇ ಪ್ರಖರವಾಗಿರ್ಲಿ ಎಷ್ಟು ಹೊತ್ತು ಬೇಕಾದ್ರೂ ಹಿಡೀರಿ ಒಂದೂ ಹಾರಲ್ಲ. ಸತುವಿಗೆ ಅಲ್ಟ್ರಾವಯಲೆಟ್ಟೇ ಬೇಕು, ಫ್ರೀಕ್ವೆನ್ಸಿ ಕಮ್ಮಿ ಇರೋ ಕೆಂಪು ಬೆಳಕಿನಿಂದ ಆಗಲ್ಲ. ಇದು ಯಾಕೆ ಹೀಗೆ ಅಂತ 1905ರಲ್ಲಿ ವಿವರಿಸಿದ್ದು ಐನ್‌ಸ್ಟೈನ್. ಆ ಮಟ್ಟಕ್ಕೆ ಥ್ರೆಶೋಲ್ಡ್ ಫ್ರೀಕ್ವೆನ್ಸಿ ಅಂತಾರೆ, ಅಲ್ಲಿ ಲಿಮಿಟ್ ಅಂತ ಹಾಕಿದ್ರೆ ಅದಕ್ಕಿಂತ ಜಾಸ್ತಿ ಫ್ರೀಕ್ವೆನ್ಸಿ ಹಾಕಂಗಿಲ್ಲ ಅನ್ನೋ ಅರ್ಥ ಬಂದುಬಿಡತ್ತೆ.

ಬಳಸೋ ರೀತಿ ಅಂದ್ರೆ, ಥ್ರೆಶೋಲ್ಡನ್ನ ರೀಚ್ ಮಾಡ್ತಾರೆ, ಕ್ರಾಸ್ ಮಾಡ್ತಾರೆ, ರೇಸ್ ಅಥವಾ ಲೋಯರ್ ಮಾಡ್ತಾರೆ, ಅದಕ್ಕಿಂತ ಅಬವ್ ಅಥವಾ ಬಿಲೋ ಇರ್ತಾರೆ. ಆದಾಯ ಟ್ಯಾಕ್ಸ್ ಥ್ರೆಶೋಲ್ಡ್‌ಗಿಂತ ಬಿಲೋ ಇದ್ರೆ ಟ್ಯಾಕ್ಸ್ ಇಲ್ಲ, ದಾಟಿದ್ರೆ ಶುರು. 'ಆನ್ ದ ಥ್ರೆಶೋಲ್ಡ್ ಆಫ್' ಅಂದ್ರೆ ನಾವು ಯುದ್ಧದ ಹೊಸ್ತಿಲಲ್ಲಿ, ಹೊಸ ವರ್ಷದ ಹೊಸ್ತಿಲಲ್ಲಿ ಅಂತೀವಲ್ಲ, ಥೇಟ್ ಅದೇ. ಕಂಪ್ಯೂಟರ್ ಡಿಸ್ಕ್ 80 ಪರ್ಸೆಂಟ್ ತುಂಬಿದಾಗ ಮೆಸೇಜ್ ಬರೋ ಹಾಗೆ ಇಟ್ಟಿದ್ರೆ ಆ 80 ಥ್ರೆಶೋಲ್ಡ್, ಆಮೇಲೂ ಫೈಲ್ ಸೇವ್ ಆಗ್ತಾನೇ ಇರತ್ತೆ. 100 ಲಿಮಿಟ್, ಅಲ್ಲಿ ನಿಂತುಹೋಗತ್ತೆ. ಕನ್ನಡಕ್ಕೆ ತರುವಾಗ ನಾನಂತೂ ಬರೀ ಮಿತಿ ಅಂತ ಬರೆಯಲ್ಲ, ಸಂದರ್ಭ ನೋಡ್ಕೊಂಡು ಹೊಸ್ತಿಲು ಅಂತಲೋ ಕನಿಷ್ಠ ಮಟ್ಟ ಅಂತಲೋ ಬರೀತೀನಿ, ಎರಡೂ ಕೂರದಿದ್ರೆ ಥ್ರೆಶೋಲ್ಡ್ ಅಂತಾನೇ ಬಿಡ್ತೀನಿ.

ಈಗ ನಿಮ್ಮ ವಾಕ್ಯ. ಆ ರಸ್ತೇಲಿ 60ರ ಮೇಲೆ ಓಡಿಸಂಗಿಲ್ಲ ಅಂತ ಹೇಳೋದಾದ್ರೆ 'ದ ಸ್ಪೀಡ್ ಲಿಮಿಟ್ ಆನ್ ದಿಸ್ ರೋಡ್ ಈಸ್ 60' ಅಂತ ಬರೀರಿ, ಥ್ರೆಶೋಲ್ಡ್ ಅಲ್ಲಿ ತಪ್ಪು. ಆದ್ರೆ ಅದೇ ರಸ್ತೇಲಿ ಒಂದು ಕ್ಯಾಮೆರಾ ಇದ್ದು, ಗಾಡಿ 66 ಮುಟ್ಟಿದಾಗ ಮಾತ್ರ ಫೋಟೋ ತೆಗೆಯೋ ಹಾಗೆ ಅದನ್ನ ಸೆಟ್ ಮಾಡಿದ್ರೆ, 60 ಲಿಮಿಟ್, ಆ 66 ಕ್ಯಾಮೆರಾದ ಥ್ರೆಶೋಲ್ಡ್.